ಹುಲಿ ಕಾಡಿನೊಳಗೆ ಪೋಡು, ಹಾಡಿ ಇರಬೇಕೇ?

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಆದಿವಾಸಿಗಳ ಪೋಡುಗಳಿವೆ. ನಾಗರಹೊಳೆಯಲ್ಲಿ ಜೇನುಕುರುಬ ಆದಿವಾಸಿಗಳ ಹಾಡಿಗಳಿವೆ. ಪೋಡು, ಹಾಡಿ ಅಂದರೆ ಅವರ ವಸತಿಗಳು. ಎರಡೂ ಇವತ್ತು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿನ ಜನ ಅಲ್ಲೇ ಇದ್ದು ಜೇನು, ನೆಲ್ಲಿಕಾಯಿ, ಕಲ್ಲುಹೂವು ತಂದು ಮಾರಿ ಬದುಕುವುದು ಮುಂದುವರಿಯಬೇಕೇ? ಅಥವಾ ಸರಿಯಾದ ಪುನರ್ವಸತಿ ಕೊಟ್ಟು ಅವರನ್ನು ಹೊರಗೆ ಕರೆತರಬೇಕೇ? 2006ರ ಅರಣ್ಯ ಹಕ್ಕು ಕಾಯ್ದೆ ಒಂದು ಕಡೆ ಎಳೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೊಂದು ಕಡೆ ಎಳೆಯುತ್ತದೆ. ಇಬ್ಬರು ಇಲ್ಲಿ ತಮ್ಮ ತಮ್ಮ ವಾದ ಮುಂದಿಟ್ಟಿದ್ದಾರೆ. ಕಾಡು ಉಳಿಯಬೇಕು ಅನ್ನುವುದರಲ್ಲಿ ಇಬ್ಬರಿಗೂ ಜಗಳವಿಲ್ಲ.

ಪರ: ಕಾಡು ಬಲ್ಲವರನ್ನು ಹೊರಗಿಟ್ಟು ಕಾಡು ಕಾಯುವುದು ಹೇಗೆ?

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. 2010ರ ಸರ್ಕಾರಿ ಲೆಕ್ಕದಲ್ಲಿ ಬಿಳಿಗಿರಿ ಬೆಟ್ಟದ ಹುಲಿಗಳು 35. 2014ರ ಹೊತ್ತಿಗೆ ಆ ಸಂಖ್ಯೆ 68ಕ್ಕೆ ಏರಿತು. ಈ ನಡುವೆ ಸೋಲಿಗರನ್ನು ಯಾರೂ ಎಬ್ಬಿಸಿರಲಿಲ್ಲ. ಬದಲಿಗೆ 2011ರ ಅಕ್ಟೋಬರ್ 2ರಂದು ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತ್ತು. ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾದ ವರ್ಷವೇ ಅದು. ಹಕ್ಕು ಕೊಟ್ಟಿದ್ದಕ್ಕೇ ಹುಲಿ ಜಾಸ್ತಿಯಾಯಿತು ಅಂತ ನಾನು ಹೇಳುವುದಿಲ್ಲ. ಹುಲಿ ಹಕ್ಕುಪತ್ರ ಓದಿ ಮರಿ ಹಾಕುವುದಿಲ್ಲ. ಆದರೆ ಮನುಷ್ಯ ಇದ್ದ ಕಡೆ ಹುಲಿ ಬಾಳುವುದಿಲ್ಲ ಅನ್ನುವವರು ಈ ಲೆಕ್ಕಕ್ಕೆ ಏನಾದರೂ ಹೇಳಬೇಕು ಅಲ್ವಾ?

ಸೋಲಿಗರ ಕೈಯಿಂದ ಏನೇನು ಹೋಯಿತು ಅಂತ ಸ್ವಲ್ಪ ನೋಡಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಅದು ಸರಿಯೇ. ಜಾಗ ಬದಲಿಸುತ್ತಾ ರಾಗಿ, ಅವರೆ, ಜೋಳ ಬೆಳೆಯುವ ಬೇಸಾಯವೂ ನಿಂತಿತು. ಕಾಡಿನ ಉದ್ದಕ್ಕೂ ಹರಡಿಕೊಂಡಿದ್ದ ಕುಟುಂಬಗಳನ್ನು ತಂದು ರಸ್ತೆ ಹತ್ತಿರದ ಪೋಡುಗಳಲ್ಲಿ ಕೂರಿಸಿದರು. ಉಳಿದದ್ದು ಕಿರು ಅರಣ್ಯ ಉತ್ಪನ್ನ. ಜೇನು, ನೆಲ್ಲಿ, ಸೀಗೆ, ಅಂಟುವಾಳ, ಅಳಲೆ, ಕಲ್ಲುಹೂವು. ಇದನ್ನು ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಹಾಕಿದರೆ ನಾಲ್ಕು ಕಾಸು. 1990ರ ದಶಕದಲ್ಲಿ ಅಲ್ಲೇ ನಡೆದ ಅಧ್ಯಯನಗಳ ಪ್ರಕಾರ ಸೋಲಿಗರ ಕೈಗೆ ಬರುತ್ತಿದ್ದ ನಗದಿನಲ್ಲಿ ಸುಮಾರು ಅರ್ಧ ಇದರಿಂದಲೇ ಬರುತ್ತಿತ್ತು. ಆಮೇಲೆ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿ ಬಂತು. ಅಭಯಾರಣ್ಯದಿಂದ ಏನನ್ನೂ ಮಾರಾಟಕ್ಕೆ ತರುವ ಹಾಗಿಲ್ಲ ಎಂದಾಯಿತು. ಮನೆಗೆ ಬೇಕಾದಷ್ಟು ತಂದುಕೊಳ್ಳಿ, ಮಾರಬೇಡಿ ಅಂದರು. ಮನೆಯವರೆಲ್ಲ ಕೂತು ತಿಂದರೂ ಎಷ್ಟು ನೆಲ್ಲಿಕಾಯಿ ತಿನ್ನಬಹುದು? ಉಪ್ಪು, ಬಟ್ಟೆ, ಮಾತ್ರೆ, ಮಕ್ಕಳ ಪುಸ್ತಕಕ್ಕೆ ದುಡ್ಡು ಎಲ್ಲಿಂದ ಬರಬೇಕು? ಜನ ಕೂಲಿ ಹುಡುಕಿಕೊಂಡು ಕಾಫಿ ತೋಟಗಳಿಗೆ ಹೋದರು.

ಕಾಫಿ ತೋಟ ಅಂದೆ. ಆ ತೋಟಗಳಲ್ಲಿ ಕೆಲವು ಇದೇ ಬೆಟ್ಟದ ಮೇಲಿವೆ. ಹೊನ್ನಮೇಟಿ, ಬೇಡಗುಳಿ ಸುತ್ತ ಬ್ರಿಟಿಷರ ಕಾಲದಿಂದ ಎಸ್ಟೇಟು ನಡೆಯುತ್ತಿದೆ. ಅವುಗಳಿಂದ ಹುಲಿಗೆ ತೊಂದರೆ ಅಂತ ಯಾರೂ ಚಳವಳಿ ಮಾಡಿದ ನೆನಪು ನನಗಿಲ್ಲ.

ಈಗ ಬೆಂಕಿಯ ವಿಷಯ. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಸೋಲಿಗರಲ್ಲಿ ‘ತರಗು ಬೆಂಕಿ’ ಅಂತ ಒಂದು ರೂಢಿ ಇತ್ತು. ಎಲೆ ಉದುರಿದ ಮೇಲೆ, ಬೇಸಿಗೆ ಇನ್ನೂ ಬಲಿಯುವ ಮೊದಲು, ನೆಲದಲ್ಲಿ ಸ್ವಲ್ಪ ತಂಪು ಇರುವಾಗಲೇ ತರಗೆಲೆಗೆ ಬೆಂಕಿ ಹಚ್ಚುತ್ತಿದ್ದರು. ಉರಿ ಮೊಣಕಾಲು ಮುಟ್ಟುತ್ತಿರಲಿಲ್ಲ. ತರಗು ಸುಟ್ಟು ಹೋಗುತ್ತಿತ್ತು, ಮರ ಉಳಿಯುತ್ತಿತ್ತು, ಮಳೆ ಬಿದ್ದ ಮೇಲೆ ಹುಲ್ಲು ಚಿಗುರುತ್ತಿತ್ತು. ಹುಲ್ಲು ಬಂದರೆ ಕಡವೆ, ಜಿಂಕೆ, ಕಾಟಿ. ಅವು ಬಂದರೆ ಹುಲಿ. ಅಭಯಾರಣ್ಯ ಆದ ಮೇಲೆ ಬೆಂಕಿ ಹಚ್ಚುವುದು ಅಪರಾಧವಾಯಿತು. ಮುಂದೆ ಲಂಟಾನ ಅನ್ನುವ ಕಳೆಗಿಡ ನುಗ್ಗಿತು. ಸಂಶೋಧಕರು 1997ರಲ್ಲಿ ಬೆಟ್ಟದ ಉದ್ದಕ್ಕೂ ಗುರುತು ಹಾಕಿ ನೋಡಿದ ತುಣುಕು ಜಾಗಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ನೋಡಿದಾಗ ನೂರಕ್ಕೆ 81. ಕೆಳಗೆ ಹುಲ್ಲೂ ಇಲ್ಲ, ಸಸಿಯೂ ಇಲ್ಲ. ಬೆಂಕಿ ನಿಲ್ಲಿಸಿದ್ದಕ್ಕೇ ಇದು ಬೆಳೆಯಿತು ಅಂತ ವಯಸ್ಸಾದ ಸೋಲಿಗರು ಹೇಳುತ್ತಲೇ ಇದ್ದರು. ಇಲಾಖೆಯ ಕಿವಿಗೆ ಅದು ಬೀಳಲಿಲ್ಲ.

ನೆಲ್ಲಿಮರದ ಕತೆಯೂ ಹಾಗೇ. ಕೊಂಬೆಗೆ ಬಂದಳಿಕೆ ಅನ್ನುವ ಪರಾವಲಂಬಿ ಗಿಡ ಹತ್ತಿ ಮರ ಸೊರಗುತ್ತಿತ್ತು. ಸೋಲಿಗರು ಅದನ್ನು ಉಪ್ಪಿಲು ಅನ್ನುತ್ತಾರೆ. ಬೆಂಕಿಯ ಬಿಸಿ ತಾಗುತ್ತಿದ್ದಾಗ ಅದು ಇಷ್ಟು ಹಬ್ಬುತ್ತಿರಲಿಲ್ಲ ಎಂಬುದು ಅವರ ಮಾತು. ನೆಲ್ಲಿ ಕಡಿಮೆಯಾಗುತ್ತಿರುವುದಕ್ಕೆ ಸೋಲಿಗರು ಕಾಯಿ ಕೊಯ್ಯುವುದೇ ಕಾರಣ ಎಂದುಕೊಂಡಿದ್ದ ವಿಜ್ಞಾನಿಗಳು ಆಮೇಲೆ ಈ ಬಂದಳಿಕೆಯನ್ನೂ ಅಧ್ಯಯನ ಮಾಡಿದರು. ಮರ ಸಾಯುವುದಕ್ಕೆ ಅದು ದೊಡ್ಡ ಕಾರಣ ಎಂದು ಕಂಡುಕೊಂಡರು. ಕಾಡಿನಲ್ಲಿ ದಿನಾ ಓಡಾಡುವವನು ಕಾಣುವುದನ್ನು ವರ್ಷಕ್ಕೆರಡು ಸಲ ಬರುವವನು ಕಾಣುವುದು ಕಷ್ಟ. ಆ ಓಡಾಟವನ್ನೇ ನಿಲ್ಲಿಸಿದರೆ ಈ ತಿಳುವಳಿಕೆ ಒಂದು ತಲೆಮಾರಿನಲ್ಲಿ ಮುಗಿದುಹೋಗುತ್ತದೆ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಯಾವ ಹೂವಿನ ಕಾಲಕ್ಕೆ ಎಲ್ಲಿ ಕಟ್ಟುತ್ತವೆ ಅನ್ನುವುದನ್ನು ಯಾವ ಹಾಸ್ಟೆಲ್‌ನಲ್ಲಿ ಕಲಿಸುತ್ತಾರೆ?

ನಾಗರಹೊಳೆಗೆ ಬರೋಣ. ಅಲ್ಲಿನ ಕತೆಯಲ್ಲಿ ಸಿಟ್ಟು ಬರುವ ವಿಷಯ ಜಾಸ್ತಿ. ಇವತ್ತು ಸಫಾರಿಯಲ್ಲಿ ನೀವು ನೋಡುವ ತೇಗದ ಸಾಲುಗಳನ್ನು ಕಾಡು ಕಡಿದು ನೆಟ್ಟವರು ಇಲಾಖೆಯವರೇ. ಕಬಿನಿ ಅಣೆಕಟ್ಟಿನ ಹಿನ್ನೀರಿಗೆ ಕಾಡು ಮುಳುಗಿದ್ದೂ ಸರ್ಕಾರದ ಯೋಜನೆಯಿಂದಲೇ. ಅದೇ ಕಾಲದಲ್ಲಿ ಹಾಡಿಗಳನ್ನು ಖಾಲಿ ಮಾಡಿಸಿದರು. ಅದರ ಬೆನ್ನಲ್ಲೇ, 1990ರ ದಶಕದಲ್ಲಿ, ರಾಷ್ಟ್ರೀಯ ಉದ್ಯಾನದ ಒಳಗೆ ಮೂರ್ಕಲ್ಲಿನಲ್ಲಿ ಐಷಾರಾಮಿ ಹೋಟೆಲಿಗೆ ಜಾಗ ಗುತ್ತಿಗೆ ಕೊಟ್ಟರು. ಆದಿವಾಸಿ ಸಂಘಟನೆಗಳು ಬೀದಿಗಿಳಿದವು, ಕೋರ್ಟಿಗೂ ಹೋದವು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆಯನ್ನು ರದ್ದು ಮಾಡಿತು. ಇಲ್ಲಿ ಯಾರು ಕಾಡು ಉಳಿಸಿದ್ದು? ಈ ಪ್ರಶ್ನೆಯನ್ನು ಸಂರಕ್ಷಣೆಯ ಸಭೆಗಳಲ್ಲಿ ಕೇಳುವವರು ಕಡಿಮೆ.

ಹೊರಗೆ ಹಾಕಿದವರ ಗತಿ ಏನಾಯಿತು? ಹೈಕೋರ್ಟ್ ಆದೇಶದ ಮೇರೆಗೆ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಒಕ್ಕಲೆಬ್ಬಿಸಿದ ಆದಿವಾಸಿ ಕುಟುಂಬಗಳು 3,418 ಎಂದು ಗುರುತಿಸಿತು. ಬಹಳಷ್ಟು ಮಂದಿ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಉಳಿದುಬಿಟ್ಟಿದ್ದಾರೆ. ಲೈನ್ ಮನೆ ಅಂದರೆ ಮಾಲೀಕನ ಮನೆ. ಕೆಲಸ ಬಿಟ್ಟರೆ ಸೂರು ಇಲ್ಲ, ಸಾಲ ಇದ್ದರೆ ಕೆಲಸ ಬಿಡುವ ಹಾಗಿಲ್ಲ. ಕಾಡಿನಲ್ಲಿ ಯಾರಿಗೂ ಕೈ ಚಾಚದೆ ಇದ್ದ ಜನ ಅವರು. 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ವಾಪಸ್ ನಡೆದವು. ತಮ್ಮ ಹಿರಿಯರ ಜಾಗದಲ್ಲಿ ಗುಡಿಸಲು ಕಟ್ಟಿದವು. ನಾಲ್ಕು ದಶಕ ಹೊರಗಿದ್ದರೂ ಮರೆಯದೆ ಬಂದರು ಅಂದರೆ ಹೊರಗಿನ ಬದುಕು ಹೇಗಿತ್ತು ಅಂತ ಊಹಿಸಿಕೊಳ್ಳಬಹುದು.

ಇನ್ನೊಂದು ಮಾತು. ದಸರಾ ಆನೆಗಳ ಮಾವುತರು, ಕಾವಾಡಿಗಳು ಯಾರು? ಜೇನುಕುರುಬರು ಅವರಲ್ಲಿ ಬಹಳ. ಕಾಡ್ಗಿಚ್ಚು ಬಿದ್ದಾಗ ಸೊಪ್ಪು ಹಿಡಿದು ಮುಂದೆ ನಿಲ್ಲುವವರು, ಹುಲಿ ಜಾಡು ಹಿಡಿಯುವವರು, ಕಳ್ಳಬೇಟೆ ತಡೆ ಶಿಬಿರದಲ್ಲಿ ರಾತ್ರಿ ಕಳೆಯುವವರು ಯಾರು? ಅವರಲ್ಲೂ ಇವರದೇ ಹುಡುಗರು, ಅದೂ ದಿನಗೂಲಿ, ಗುತ್ತಿಗೆಯ ಮೇಲೆ. ಕಾಡಿನ ಕೆಲಸಕ್ಕೆ ಇವರು ಬೇಕು, ಕಾಡಿನ ಮೇಲೆ ಹಕ್ಕು ಕೇಳಿದರೆ ಒತ್ತುವರಿದಾರರು.

ಸಂಗ್ರಹ ಮಿತಿ ಮೀರಿದರೆ? ಮೀರಬಹುದು. ಮನುಷ್ಯರೇ ತಾನೇ. ಅದಕ್ಕೆ ಕಾಯ್ದೆಯಲ್ಲೇ ದಾರಿ ಇದೆ. ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಂ ಕಾಡು ಮತ್ತು ವನ್ಯಜೀವಿ ಕಾಪಾಡುವ ಅಧಿಕಾರವನ್ನೂ ಹೊಣೆಯನ್ನೂ ಗ್ರಾಮಸಭೆಗೆ ಕೊಡುತ್ತದೆ. ಯಾವ ಕಾಡಿನಲ್ಲಿ ಈ ವರ್ಷ ಕೊಯ್ಲು, ಯಾವುದಕ್ಕೆ ರಜೆ, ಜೇನು ಹಲ್ಲೆಯಲ್ಲಿ ಎಷ್ಟು ಬಿಡಬೇಕು ಅಂತ ಪೋಡಿನವರೇ ಕೂತು ಬರೆಯಲಿ. ಇಲಾಖೆ ಜೊತೆಗಿರಲಿ. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಕೊಡಲು ಆಗುವುದಿಲ್ಲ ಅಂತ ಸುಮ್ನೆ ಹೇಳುತ್ತಾರೆ. ಅದೇ ಕಾಯ್ದೆ ಇಂಥ 13 ಸೌಲಭ್ಯಕ್ಕೆ ತಲಾ ಒಂದು ಹೆಕ್ಟೇರ್‌ಗಿಂತ ಕಡಿಮೆ ಕಾಡು ಬಳಸಲು ಬಿಡುತ್ತದೆ, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯಬಾರದು ಅಷ್ಟೇ.

2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆಯಿತು. ದೇಶದ ಹುಲಿ ಕಾಡುಗಳ ತಿರುಳು (ಕೋರ್) ಪ್ರದೇಶದಲ್ಲಿ ಇನ್ನೂ 591 ಹಳ್ಳಿ, 64,801 ಕುಟುಂಬ ಉಳಿದಿವೆ, ಸ್ಥಳಾಂತರಕ್ಕೆ ಆದ್ಯತೆ ಕೊಡಿ ಎಂದಿತು. ಆ ಕುಟುಂಬಗಳಲ್ಲಿ ಎಷ್ಟರ ಹಕ್ಕಿನ ಅರ್ಜಿ ಇತ್ಯರ್ಥವಾಗಿದೆ ಅಂತ ಮೊದಲು ಕೇಳಬೇಕಿತ್ತು. ಕಾಯ್ದೆಯ ಪ್ರಕಾರ ಕ್ರಮ ಅದೇ. ಹಕ್ಕು ಗುರುತಿಸುವ ಕೆಲಸ ಮೊದಲು, ಬೇರೆ ಮಾತು ಆಮೇಲೆ, ಅದೂ ಗ್ರಾಮಸಭೆ ಒಪ್ಪಿದರೆ. ತಿರಸ್ಕಾರವಾದ ಅರ್ಜಿಗಳವರನ್ನು ಎಬ್ಬಿಸಿ ಎಂದು 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಹೇಳಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯಿತು. ಅರ್ಜಿಗಳನ್ನು ತಿರಸ್ಕರಿಸಿದ ರೀತಿಯ ಮೇಲೇ ಅಷ್ಟು ಅನುಮಾನ ಇತ್ತು. ಒಂದು ಸಹಿ ಇಲ್ಲ, ಒಂದು ನಕ್ಷೆ ಇಲ್ಲ ಅಂತ ವಾಪಸ್ ಬಂದ ಅರ್ಜಿಗಳನ್ನು ಇಟ್ಟುಕೊಂಡು ವರ್ಷಗಟ್ಟಲೆ ಕಾದವರಿಗೆ ಸ್ವಇಚ್ಛೆಯ ಸ್ಥಳಾಂತರ ಅನ್ನುವ ಫಾರಂ ಕೊಡುವುದು ನನಗಂತೂ ನ್ಯಾಯ ಅನ್ನಿಸುವುದಿಲ್ಲ.

ವಿರೋಧ: ಹಕ್ಕು ಸರಿ, ಜಾಗ ಸರಿಯಿಲ್ಲ

ಮೇಲಿನ ಲೇಖನದ ಅರ್ಧ ಭಾಗಕ್ಕೆ ನನ್ನ ತಕರಾರೇ ಇಲ್ಲ. ನಾಗರಹೊಳೆಯಲ್ಲಿ 70, 80ರ ದಶಕದಲ್ಲಿ ಜನರನ್ನು ಎಬ್ಬಿಸಿದ ರೀತಿ ತಪ್ಪು. ಕಾಡಿನೊಳಗೆ ಹೋಟೆಲ್ ತಪ್ಪು. ಬೆಟ್ಟದ ಮೇಲಿನ ಎಸ್ಟೇಟುಗಳ ಮಾತೂ ನಿಜ. ಆದರೆ ಅಪ್ಪನಿಗೆ ಆದ ಅನ್ಯಾಯಕ್ಕೆ ಮಗನನ್ನು ಆನೆ ದಾರಿಯಲ್ಲಿ ಗುಡಿಸಲು ಹಾಕಿ ಕೂರಿಸುವುದು ಪರಿಹಾರ ಅಂತ ನನಗೆ ಅನ್ನಿಸುವುದಿಲ್ಲ.

ಮೊದಲು ಆ 35 ಮತ್ತು 68. ಹುಲಿ ಒಂದು ಬೆಟ್ಟಕ್ಕೆ ಅಂಟಿಕೊಂಡು ಇರುವ ಪ್ರಾಣಿ ಅಲ್ಲ. ಬಿಳಿಗಿರಿ ಬೆಟ್ಟದ ಕಾಡು ಆ ಕಡೆ ಸತ್ಯಮಂಗಲಕ್ಕೆ, ಈ ಕಡೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊಂದಿಕೊಂಡಿದೆ. ಬಂಡೀಪುರ, ನಾಗರಹೊಳೆಯಲ್ಲಿ ಬೆಳೆದ ಮರಿಗಳು ಜಾಗ ಹುಡುಕಿಕೊಂಡು ಹೊರಡುತ್ತವೆ. ಕ್ಯಾಮೆರಾ ಜಾಸ್ತಿ ಇಟ್ಟರೆ ಹುಲಿಯೂ ಜಾಸ್ತಿ ಸಿಗುತ್ತದೆ. ಎರಡು ವರ್ಷದ ಎರಡು ಸಂಖ್ಯೆ ಇಟ್ಟುಕೊಂಡು ಸಹಬಾಳ್ವೆ ಗೆದ್ದಿತು ಅನ್ನುವುದು ಆತುರ. ಹೆಚ್ಚಾದದ್ದನ್ನು ಸಾಕ್ಷಿಯಾಗಿ ಇಟ್ಟವರು ಕಡಿಮೆಯಾದರೆ ಏನು ಹೇಳುತ್ತಾರೆ?

ನಮ್ಮ ದೇಶದ ನೆಲದಲ್ಲಿ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಎಲ್ಲ ಸೇರಿ ನೂರಕ್ಕೆ ಐದರ ಆಸುಪಾಸು. ಅದರಲ್ಲಿ ಹುಲಿ ನಿಶ್ಚಿಂತೆಯಿಂದ ಮರಿ ಹಾಕುವ ಜಾಗ ಇನ್ನೂ ಚಿಕ್ಕದು. 2022ರ ಅಂದಾಜಿನಲ್ಲಿ ಕರ್ನಾಟಕದಲ್ಲಿ 563 ಹುಲಿ, ಅದರಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ನಾಗರಹೊಳೆಯ ರಾಷ್ಟ್ರೀಯ ಉದ್ಯಾನ ಅಂದರೆ ಸುಮಾರು 643 ಚದರ ಕಿಲೋಮೀಟರ್. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಹುಲಿ ನಿಂತಿರುವುದು ಕಡವೆ, ಕಾಟಿ, ಜಿಂಕೆ ದಟ್ಟವಾಗಿರುವುದರಿಂದ. ಬಲಿ ಪ್ರಾಣಿ ಕಡಿಮೆಯಾದರೆ ಹುಲಿ ತಾನಾಗಿಯೇ ಕಡಿಮೆಯಾಗುತ್ತದೆ. ನಾಗರಹೊಳೆಯಲ್ಲಿ ದಶಕಗಟ್ಟಲೆ ನಡೆದ ಅಧ್ಯಯನಗಳು ಹೇಳಿದ್ದು ಇದನ್ನೇ. ಬೇಟೆ, ಉರುಳು, ನಾಯಿ, ಜಾನುವಾರು ಇರುವ ಕಡೆ ದೊಡ್ಡ ಪ್ರಾಣಿಗಳು ತೆಳುವಾಗುತ್ತವೆ. ಉರುಳು ಹಾಕುವವರು ಆದಿವಾಸಿಗಳೇ ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನವು ಕಾಡಂಚಿನ ಊರುಗಳ ಕೆಲಸ. ಆದರೆ ಒಳಗೆ ವಸತಿ ಇದ್ದರೆ ದಾರಿ ಇರುತ್ತದೆ, ದಾರಿ ಇದ್ದರೆ ಹೊರಗಿನವನೂ ಬರುತ್ತಾನೆ.

ಇನ್ನು ವ್ಯಾಪಾರ. ಮನೆಗೆ ಜೇನು ತರುವುದು ಬೇರೆ, ಮಾರುಕಟ್ಟೆಗೆ ತರುವುದು ಬೇರೆ. ಹೊಟ್ಟೆಗೆ ಮಿತಿ ಇದೆ, ಬೇಡಿಕೆಗೆ ಇಲ್ಲ. ಬಿಳಿಗಿರಿ ಬೆಟ್ಟದಲ್ಲೇ 1990ರ ದಶಕದಲ್ಲಿ ನೋಡಿದಾಗ ವಸತಿಗಳಿಗೆ ಹತ್ತಿರದ ಕಾಡಿನಲ್ಲಿ ಕೆಲವು ಮರಗಳ ಸಸಿಗಳು ಸರಿಯಾಗಿ ಬರುತ್ತಿರಲಿಲ್ಲ. ಕಾಯಿಗೆ ಕೈ ಎಟುಕದಿದ್ದರೆ ಕೊಂಬೆಯನ್ನೇ ಕಡಿಯುವುದೂ ನಡೆಯುತ್ತಿತ್ತು. ಬಂದಳಿಕೆ ಕಾರಣ ಅನ್ನುವುದು ನಿಜ, ಅದೊಂದೇ ಕಾರಣ ಅನ್ನುವುದು ನಿಜ ಅಲ್ಲ. ಕಲ್ಲುಹೂವಿನ ವಿಷಯ ಇನ್ನೂ ಸೂಕ್ಷ್ಮ. ಮರದ ತೊಗಟೆ ಮೇಲೆ ವರ್ಷಗಟ್ಟಲೆ ಕೂತು ಬೆಳೆಯುವುದನ್ನು ಒಂದು ಗಂಟೆಯಲ್ಲಿ ಕೆರೆದು ಚೀಲ ತುಂಬಬಹುದು. ಮಸಾಲೆ ವ್ಯಾಪಾರಿಗೆ ಅದು ಬೇಕೇ ಬೇಕು. ಇಷ್ಟೆಲ್ಲ ಆದ ಮೇಲೆ ಸೋಲಿಗನ ಕೈಗೆ ಏನು ಬರುತ್ತದೆ? ಬೆಲೆ ಕಟ್ಟುವವನು ಟೆಂಡರ್ ಹಿಡಿದವನು. ಈ ವ್ಯಾಪಾರದಿಂದ ಒಂದು ಪೋಡೂ ಶ್ರೀಮಂತವಾಗಲಿಲ್ಲ. ಬಡತನವನ್ನೇ ಕಾಯ್ದೆ ಮಾಡಿ ಉಳಿಸುವುದನ್ನು ಜೀವನೋಪಾಯ ಅಂತ ಕರೆಯುವುದಕ್ಕೆ ನನಗೆ ಕಷ್ಟ.

ತರಗು ಬೆಂಕಿ. ಸೋಲಿಗರ ತಿಳುವಳಿಕೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಬೆಂಕಿ ಲಂಟಾನ ಇಲ್ಲದ ಕಾಡಿನ ಬೆಂಕಿ. ಈಗ ಕಾಡಿನ ಕೆಳಗೆ ಆಳೆತ್ತರದ ಒಣ ಲಂಟಾನ ತುಂಬಿದೆ. ಅದಕ್ಕೆ ತಾಗಿದ ಕಿಡಿ ಮೊಣಕಾಲಿಗೆ ನಿಲ್ಲುವುದಿಲ್ಲ, ಮರದ ತುದಿಗೆ ಹತ್ತುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿದ್ದು ನೆನಪಿದೆಯಲ್ವಾ? ಮೊದಲು ಲಂಟಾನ ಕಿತ್ತು, ಹುಲ್ಲು ಬರಿಸಿ, ಆಮೇಲೆ ಸಣ್ಣ ಜಾಗದಲ್ಲಿ ಹಿರಿಯ ಸೋಲಿಗರನ್ನೇ ಮುಂದೆ ನಿಲ್ಲಿಸಿ ಬೆಂಕಿಯ ಪ್ರಯೋಗ ಮಾಡಲಿ. ನಾನೂ ನೋಡಲು ಬರುತ್ತೇನೆ. ಅದಕ್ಕೆ ಅವರು ಕೋರ್ ಕಾಡಿನ ನಡುವೆ ವಾಸ ಮಾಡಲೇಬೇಕು ಅಂತೇನಿಲ್ಲ. ಲಂಟಾನ ಕೀಳುವ ಕೆಲಸಕ್ಕೆ ಅವರಿಗೆ ಒಳ್ಳೆಯ ಕೂಲಿ ಕೊಡಲಿ. ನೆಲ್ಲಿಕಾಯಿಗಿಂತ ಅದು ನಿಶ್ಚಿತ ದುಡಿಮೆ.

ಕಾಡಂಚಿನ ಸಂಘರ್ಷವನ್ನು ಪರ ಲೇಖನ ಮುಟ್ಟಲೇ ಇಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಸತ್ತ ಹಸುವಿನ ಮೈಗೆ ವಿಷ ಹಾಕಿದ್ದರು. ಇದನ್ನು ಜೇನು ಕೀಳುವವರ ತಲೆಗೆ ಕಟ್ಟುವುದು ಅನ್ಯಾಯ, ಅದು ದನದ ಜಗಳ. ಆದರೆ ಈ ಜಗಳ ಹೇಗೆ ಬೆಳೆಯಿತು ಅಂತ ನೋಡಿ. ಮನೆಗೆ ಹಾಲು ಕೊಡುವ ಎರಡು ದನ ಇದ್ದ ಕಡೆ ದೊಡ್ಡಿ ಬಂತು. ಗಡಿ ಆಚೆಯಿಂದ ಮೇಯಲು ಬಂದ ದನ, ಗೊಬ್ಬರದ ವ್ಯಾಪಾರ ಬಂತು. ಕಾಡಿನೊಳಗಿನ ಯಾವ ಉಪಯೋಗಕ್ಕೂ ಮಾರುಕಟ್ಟೆ ಸೇರಿದರೆ ಹೀಗೇ ಆಗುತ್ತದೆ. ಅದೇ ವರ್ಷದ ಕೊನೆಗೆ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾಗಿ, ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಕಾಡಂಚಿನಲ್ಲೇ ಪರಿಸ್ಥಿತಿ ಹೀಗಿರುವಾಗ ನಡು ಕಾಡಿನ ಹಾಡಿಯಲ್ಲಿ ಸಂಜೆ ಮಗು ಎಲ್ಲಿಗೆ ಆಡಲು ಹೋಗಬೇಕು? ಹೆರಿಗೆ ನೋವು ಬಂದವಳನ್ನು ರಾತ್ರಿ ಯಾವ ದಾರಿಯಲ್ಲಿ ಕರೆದೊಯ್ಯಬೇಕು?

ಇಲ್ಲಿ ಅದೇ 13 ಸೌಲಭ್ಯದ ಮಾತು ಬರುತ್ತದೆ. ಕಾಗದದಲ್ಲಿ ಇದೆ, ಸರಿ. ಪ್ರತಿ ಹಾಡಿಗೂ ರಸ್ತೆ, ಕರೆಂಟು ಲೈನು, ಮೊಬೈಲ್ ಟವರು, ಆಸ್ಪತ್ರೆ ಕೊಟ್ಟ ಮೇಲೆ ಅದು ಯಾವ ಕಾಡು? ಕೊಡದಿದ್ದರೆ ಅದು ಯಾವ ಬದುಕು? ಇದರಿಂದ ತಪ್ಪಿಸಿಕೊಳ್ಳುವ ದಾರಿ ಪರ ವಾದಿಗಳ ಹತ್ತಿರ ಇಲ್ಲ. ಹಕ್ಕುಪತ್ರದ ಮತ್ತೊಂದು ಗುಟ್ಟನ್ನೂ ಅವರು ಹೇಳಲಿಲ್ಲ. ಆ ಜಮೀನು ಮಕ್ಕಳಿಗೆ ಬರುತ್ತದೆ, ಆದರೆ ಮಾರುವ ಹಾಗಿಲ್ಲ, ಅಡವಿಡುವ ಹಾಗೂ ಇಲ್ಲ. ಎರಡೆಕರೆ ನಾಲ್ಕು ಮಕ್ಕಳಿಗೆ ಹಂಚಿದರೆ ತಲಾ ಇಪ್ಪತ್ತು ಗುಂಟೆ. ಆನೆ, ಹಂದಿ ಬಿಟ್ಟಿದ್ದನ್ನು ತಿಂದು ಯಾರು ಬದುಕುತ್ತಾರೆ? ಸೋಲಿಗರಲ್ಲೂ ಈಗ ಕಾಲೇಜು ಓದಿದವರು, ಸಂಶೋಧನೆ ಮಾಡಿದವರು ಇದ್ದಾರೆ. 1980ರ ದಶಕದಿಂದ ಡಾ. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ನಡೆಸಿದ ಶಾಲೆ, ಆಸ್ಪತ್ರೆ ಅದಕ್ಕೆ ದೊಡ್ಡ ಕಾರಣ. ಓದಿದ ಹುಡುಗಿ ವಾಪಸ್ ಬಂದು ಕಲ್ಲುಹೂವು ಕೆರೆಯಲಿ ಅಂತ ಬಯಸುವುದು ಯಾರ ಆಸೆ? ಅವಳದ್ದೋ, ಊರಲ್ಲಿ ಕೂತು ಕಾಡಿನ ಬದುಕನ್ನು ಮೆಚ್ಚುವವರದ್ದೋ?

ಸ್ಥಳಾಂತರ ಯಾವತ್ತೂ ವಿಫಲ ಅನ್ನುವುದೂ ಸುಳ್ಳು. ಭದ್ರಾ ಅಭಯಾರಣ್ಯದಿಂದ 2001-02ರಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಅವರಿಗೆ ಎಂ.ಸಿ. ಹಳ್ಳಿ, ಕೆಳಗೂರಿನಲ್ಲಿ ಜಮೀನು ಕೊಟ್ಟರು. ಅವರಲ್ಲಿ ಬಹಳಷ್ಟು ಮಂದಿ ಮೊದಲೇ ಬೇಸಾಯಗಾರರು, ಜೇನುಕುರುಬರ ಜೊತೆ ನೇರವಾಗಿ ಹೋಲಿಸುವುದು ಸರಿ ಅಲ್ಲ ಅಂತ ನನಗೂ ಗೊತ್ತು. ಆದರೆ ಅಲ್ಲಿ ಏನು ಕೆಲಸ ಮಾಡಿತು ಅಂತ ಕಲಿಯಬಹುದು. ಜನ ತಾವೇ ಕೇಳಿದರು. ನೀರಾವರಿ ಇರುವ ಜಮೀನು ಸಿಕ್ಕಿತು. ಶಾಲೆ, ರಸ್ತೆ ಹತ್ತಿರ ಇತ್ತು. ನಾಗರಹೊಳೆಯಿಂದ ಹೊರಬಂದವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಕುಟುಂಬಕ್ಕೆ 5 ಎಕರೆ ಕೊಟ್ಟರೂ ನೀರಿನ ಕೊರತೆ, ಬೇಸಾಯಕ್ಕೆ ಕೈಹಿಡಿಯುವವರ ಕೊರತೆ ಇತ್ತು. ಹಲವರು ಕೊಡಗಿನ ಕೂಲಿ ಬಿಡಲಾಗಲಿಲ್ಲ. ಮಾಡಿದ ರೀತಿ ಸೋತಿತು. ಅದಕ್ಕೆ ಹೊರಬರುವುದೇ ತಪ್ಪು ಅನ್ನುವುದು ಸರಿಯಾದ ಪಾಠ ಅಲ್ಲ.

ಹಾಗಾಗಿ ನನ್ನ ನಿಲುವು ಇದು. ಕೋರ್ ಕಾಡಿನಲ್ಲಿ ಮಾರಾಟದ ಸಂಗ್ರಹ ಬೇಡ, ದನ ಬೇಡ, ಹೊಸ ಮನೆ ಬೇಡ. ಬಿಳಿಗಿರಿ ಬೆಟ್ಟದ ದೊಡ್ಡ ಸಂಪಿಗೆ ಮರದಂಥ ದೇವರ ಜಾಗಗಳಿಗೆ ಹೋಗಿ ಪೂಜೆ ಮಾಡುವ ಹಕ್ಕು ಇರಲಿ, ಅದನ್ನು ಗಾರ್ಡ್ ಗೇಟಿನಲ್ಲಿ ನಿಲ್ಲಿಸಿ ಕೇಳುವ ಹಾಗೆ ಇರಬಾರದು. ಕೋರ್ ಸುತ್ತಲಿನ ಬಫರ್ ಕಾಡಿನಲ್ಲಿ ಸಮುದಾಯ ಹಕ್ಕು ಪೂರ್ತಿ ಇರಲಿ, ಅಲ್ಲಿ ಜೇನು ಕೀಳಲಿ, ಮಾರಲಿ. ದಿನಗೂಲಿ ವಾಚರ್‌ಗಳನ್ನು ಕಾಯಂ ಮಾಡಲಿ. ಹೊರಬರಲು ಮನಸ್ಸಿಲ್ಲದ ಕುಟುಂಬವನ್ನು ಮುಟ್ಟಬಾರದು. ಸಫಾರಿ ಜೀಪುಗಳೂ ಕಡಿಮೆಯಾಗಲಿ, ಜನರನ್ನು ಹೊರಗೆ ಕಳಿಸಿ ಪ್ರವಾಸಿಗರನ್ನು ಒಳಗೆ ಬಿಡುವುದು ನಾಚಿಕೆಗೇಡು.

ಇನ್ನು ದುಡ್ಡು. 2008ರಲ್ಲಿ ಹೊರಬರುವ ಕುಟುಂಬಕ್ಕೆ 10 ಲಕ್ಷ ಅಂತ ಇದ್ದದ್ದು 2021ರಲ್ಲಿ 15 ಲಕ್ಷವಾಯಿತು. ಹುಣಸೂರು, ಎಚ್.ಡಿ. ಕೋಟೆ ಸುತ್ತ ಆ ದುಡ್ಡಿಗೆ ನೀರಿರುವ ಜಮೀನು ಎಷ್ಟು ಬರುತ್ತದೆ ಅಂತ ಯಾವ ರೈತನನ್ನಾದರೂ ಕೇಳಿ, ನಕ್ಕುಬಿಡುತ್ತಾನೆ. ಬ್ಯಾಂಕಿಗೆ ಹಾಕಿದ ಚೆಕ್ಕು ಎರಡು ವರ್ಷಕ್ಕೆ ಕರಗುತ್ತದೆ. ಆ ದುಡ್ಡಿನ ಆಯ್ಕೆಯನ್ನೇ ತೆಗೆದುಹಾಕಲಿ. ನೀರಿರುವ ಜಮೀನು, ಕಾಡಿಗೆ ಹತ್ತಿರ, ಇಡೀ ಹಾಡಿ ಒಟ್ಟಿಗೆ, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಪತ್ರ. ಮೊದಲು ಅಲ್ಲಿ ಒಂದು ಬೆಳೆ ತೆಗೆದು ತೋರಿಸಲಿ. ಅಲ್ಲಿಯವರೆಗೆ ಯಾವ ಹಾಡಿಯವರಿಂದಲೂ ಸಹಿ ಹಾಕಿಸಿಕೊಳ್ಳಬಾರದು.